ಸಂಪಾದಕರ ಉತ್ತರ: ಆದೇಶದಲ್ಲಿ ಇಲ್ಲದ ಆ ಒಂದು ಸಾಲು

ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕುವುದಿಲ್ಲ. ಕಚೇರಿಯ ಹೆಸರೂ ಬೇಡ. ಶಿವಮೊಗ್ಗ ಜಿಲ್ಲೆಯ ಘಟ್ಟದ ಕಡೆಯ ಒಂದು ತಾಲ್ಲೂಕು ಎಂದರೆ ಸಾಕು. ನಮ್ಮ ಕಡೆ ಅಷ್ಟು ಹೇಳಿದರೂ ಅರ್ಧ ಜನ ಗುರುತು ಹಿಡಿದುಬಿಡುತ್ತಾರೆ, ಅದು ಬೇರೆ ಮಾತು.

ಉಳಿದ ಓದುಗರಿಗಾಗಿ ಪತ್ರದ ವಿಷಯ ಇಷ್ಟು. ಇವರದು 26 ವರ್ಷದ ಸರ್ಕಾರಿ ಸೇವೆ. ಅದರಲ್ಲಿ ಒಂಬತ್ತು ಮಳೆಗಾಲ ಆಗುಂಬೆಯ ಕಡೆ ಕಳೆದಿದೆ. ಈ ಸಲ ಸೂಪರಿಂಟೆಂಡೆಂಟ್ ಬಡ್ತಿ ಸಿಕ್ಕಿದ್ದು ಜ್ಯೇಷ್ಠತಾ ಪಟ್ಟಿಯಲ್ಲಿ ಇವರಿಗಿಂತ ನಾಲ್ಕು ಹೆಸರು ಕೆಳಗಿದ್ದವರಿಗೆ. ಆದೇಶದಲ್ಲಿ 'ಸಮಿತಿಯ ಶಿಫಾರಸಿನಂತೆ' ಎಂಬುದು ಬಿಟ್ಟರೆ ಬೇರೇನಿಲ್ಲ. ಯಾಕೆ ಎಂದು ಕೇಳಿದ್ದಕ್ಕೆ ಮೇಲಿನವರು, 'ಕಾರಣ ಹೇಳಬೇಕು ಅಂತ ಎಲ್ಲಿದೆ, ತೋರಿಸಿ' ಎಂದರಂತೆ. ಪತ್ರದ ಕೊನೆಗೆ ಇನ್ನೊಂದು ಪ್ರಶ್ನೆ. ಬಡ್ತಿ ಪಡೆದ ಆ ಸಹೋದ್ಯೋಗಿಯ ಮನೆ ಗೃಹಪ್ರವೇಶ ಇದೆ. ಮನೆಗೆ ಬಂದು ಕರೆದು ಹೋಗಿದ್ದಾರೆ. ಹೋಗಬೇಕೋ ಬೇಡವೋ?

ಮೊದಲು ನಿಮ್ಮ ಒಂದು ಮಾತಿಗೆ ನನ್ನ ತಕರಾರು. 'ಸೀನಿಯರ್ ಇರುವಾಗ ಜೂನಿಯರ್‌ಗೆ ಕೊಡುವುದೇ ಅನ್ಯಾಯ' ಎಂದು ಬರೆದಿದ್ದೀರಿ. ಹಾಗೇನಿಲ್ಲ. ಇದು ನಮ್ಮ ರಾಜ್ಯದ ಮಟ್ಟಿಗೆ ಹಳೇ ವ್ಯಾಜ್ಯ. ಆಗಿನ ಮೈಸೂರು ಸರ್ಕಾರ ಮತ್ತು ಸೈಯದ್ ಮಹಮೂದ್ ಎಂಬ ಅಂಕಿಅಂಶ ಇಲಾಖೆಯ ನೌಕರರ ಕೇಸು 1968ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಯಿತು. ನಿಯಮದಲ್ಲಿ ಇದ್ದದ್ದು ಸೀನಿಯಾರಿಟಿ ಕಮ್ ಮೆರಿಟ್. ಅಂದರೆ ಹಿರಿತನವೇ ಮುಖ್ಯ, ಆದರೆ ಆ ಹುದ್ದೆ ನಿಭಾಯಿಸುವ ಯೋಗ್ಯತೆ ಇರಬೇಕು. ಯೋಗ್ಯತೆ ಇಲ್ಲ ಎಂದು ಕಂಡರೆ ಹಿರಿಯರನ್ನು ಬಿಟ್ಟು ಕಿರಿಯರಿಗೆ ಕೊಡಬಹುದು ಎಂದಿತು ಕೋರ್ಟು. ಆದರೆ ಹಿರಿಯರ ಹೆಸರನ್ನು ಪರಿಶೀಲಿಸದೆಯೇ ಮುಂದೆ ಹೋಗುವಂತಿಲ್ಲ ಎಂದೂ ಹೇಳಿತು. ಬಡ್ತಿ ನಿಮ್ಮ ಹಕ್ಕಲ್ಲ. ಬಡ್ತಿಯ ಹೊತ್ತಿಗೆ ನಿಮ್ಮ ಹೆಸರನ್ನು ನ್ಯಾಯವಾಗಿ ನೋಡುವುದು ನಿಮ್ಮ ಹಕ್ಕು. ಸಂವಿಧಾನದ 16ನೇ ವಿಧಿ ಕೊಡುವುದೂ ಅಷ್ಟನ್ನೇ.

ಹಾಗಾದರೆ ಬಿಟ್ಟದ್ದು ಯಾಕೆ ಎಂದು ಹೇಳಬೇಡವೇ? ನನ್ನ ಮನಸ್ಸು ಹೇಳಬೇಕು ಎನ್ನುತ್ತದೆ. ಕಾನೂನು ಅಷ್ಟು ಸಲೀಸಾಗಿ ಹೌದು ಎನ್ನುವುದಿಲ್ಲ.

1973ರ ಸೆಪ್ಟೆಂಬರಿನಲ್ಲಿ ಮೋಹನ್ ಲಾಲ್ ಕಪೂರ್ ಕೇಸಿನ ತೀರ್ಪು ಬಂತು. ರಾಜ್ಯ ಸೇವೆಯಲ್ಲಿದ್ದವರನ್ನು ಐಎಎಸ್, ಐಪಿಎಸ್‌ಗೆ ಆಯ್ಕೆ ಮಾಡುವ ವಿಷಯ. ಹಿರಿಯರನ್ನು ಬಿಟ್ಟರೆ ಕಾರಣ ಬರೆಯಬೇಕು ಎಂದು ಆಗ ನಿಯಮದಲ್ಲೇ ಇತ್ತು. ಸಮಿತಿ ಬರೆದೂ ಇತ್ತು. ಆದರೆ ಬಿಟ್ಟವರಿಗೆಲ್ಲ ಒಂದೇ ಒಕ್ಕಣೆ: ಒಟ್ಟಾರೆ ದಾಖಲೆ ನೋಡಿದರೆ ಆಯ್ಕೆಯಾದವರಷ್ಟು ಇವರು ತಕ್ಕವರಲ್ಲ ಎಂಬ ಅರ್ಥದ್ದು. ಇದು ಕಾರಣ ಅಲ್ಲ, ರಬ್ಬರ್ ಸ್ಟ್ಯಾಂಪು ಎಂದಿತು ಕೋರ್ಟು. ಕಡತದಲ್ಲಿ ಏನಿದೆ, ಕೊನೆಗೆ ಏನು ತೀರ್ಮಾನವಾಯಿತು, ಇವೆರಡರ ನಡುವಿನ ಕೊಂಡಿಯೇ ಕಾರಣ. ಹೀಗೆ ಬರೆದವರು ನ್ಯಾಯಮೂರ್ತಿ ಎಂ.ಎಚ್. ಬೇಗ್.

ಇಲ್ಲೊಂದು ತಮಾಷೆ ಹೇಳದೆ ಮುಂದೆ ಹೋಗಲಾರೆ. ಅದೇ 1973ರ ಏಪ್ರಿಲಿನಲ್ಲಿ ಶೆಲಾತ್, ಗ್ರೋವರ್ ಮತ್ತು ನಮ್ಮ ಕರಾವಳಿಯ ಕೆ.ಎಸ್. ಹೆಗ್ಡೆ, ಈ ಮೂವರು ಹಿರಿಯ ನ್ಯಾಯಮೂರ್ತಿಗಳನ್ನು ದಾಟಿ ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಲಾಗಿತ್ತು. ಮೂವರೂ ರಾಜೀನಾಮೆ ಕೊಟ್ಟು ಹೊರಟರು. 1977ರ ಜನವರಿಯಲ್ಲಿ ಎಚ್.ಆರ್. ಖನ್ನಾ ಅವರನ್ನು ಬಿಟ್ಟು ಅದೇ ಕುರ್ಚಿಯನ್ನು ಕೊಟ್ಟಿದ್ದು ಯಾರಿಗೆ? ಇದೇ ಬೇಗ್ ಅವರಿಗೆ! ಹಿರಿಯರನ್ನು ಬಿಡುವುದಾದರೆ ಕಾರಣ ಬರೆಯಿರಿ ಎಂದವರಿಗೇ ಹಿರಿಯರನ್ನು ಬಿಟ್ಟು ಪಟ್ಟ.

ಅದೇ 1977ರಲ್ಲಿ ಐಎಎಸ್ ಬಡ್ತಿಯ ನಿಯಮವನ್ನೂ ತಿದ್ದಿದರು. ಕಾರಣ ಬರೆಯಬೇಕೆಂಬ ಮಾತು ಹೋಯಿತು. ಬದಲಿಗೆ ಅಧಿಕಾರಿಗಳನ್ನು ಔಟ್‌ಸ್ಟ್ಯಾಂಡಿಂಗ್, ವೆರಿ ಗುಡ್, ಗುಡ್, ಅನ್‌ಫಿಟ್ ಎಂದು ದರ್ಜೆ ಮಾಡುವ ಪದ್ಧತಿ ಬಂತು. 1986ರಲ್ಲಿ ಆರ್.ಎಸ್. ದಾಸ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಒಪ್ಪಿತು. ಆಮೇಲೆ ಬೆಂಗಳೂರಿನ ನಿಮ್ಹಾನ್ಸ್‌ನ ಒಂದು ಕೇಸಿನಲ್ಲೂ, ನಿಯಮ ಹೇಳದಿದ್ದರೆ ಆಯ್ಕೆ ಸಮಿತಿ ಕಾರಣ ಕೊಡಲೇಬೇಕೆಂದಿಲ್ಲ ಎಂದು ತೀರ್ಪಾಯಿತು. ಹಾಗಾಗಿ ನಿಮ್ಮ ಮೇಲಿನವರು 'ಎಲ್ಲಿದೆ' ಎಂದು ಕೇಳಿದ್ದು ಪೂರ್ತಿ ಉಡಾಫೆ ಅಲ್ಲ. ಅರ್ಧ ನಿಜ ಇದೆ.

ಇನ್ನರ್ಧ ಹೇಳುತ್ತೇನೆ. ನೀವು ಶಿವಮೊಗ್ಗದ ಅಡಿಕೆ ಮಂಡಿಗೆ ಹೋದವರೇ ಅಲ್ವಾ? ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ದರ್ಜೆ ಮಾಡುತ್ತಾರೆ. ನಿಮ್ಮ ರಾಶಿಗೆ ಪಕ್ಕದವರ ರಾಶಿಗಿಂತ ರೇಟು ಕಡಿಮೆ ಬಂದರೆ ಸುಮ್ನೆ ಬರುತ್ತೀರಾ? ಕೇಳುತ್ತೀರಿ. 'ಒಣಗಿದ್ದು ಸಾಲದು ಭಟ್ರೇ, ಗೊರಬಲು ಬೆರೆತಿದೆ ನೋಡಿ' ಎಂದು ಚೀಲಕ್ಕೆ ಕೈ ಹಾಕಿ ತೋರಿಸುತ್ತಾರೆ. ನಿಮಗೆ ಬೇಜಾರಾಗುತ್ತದೆ, ಆದರೆ ಮುಂದಿನ ವರ್ಷ ಅಂಗಳದಲ್ಲಿ ಇನ್ನೆರಡು ದಿನ ಜಾಸ್ತಿ ಒಣಗಿಸುತ್ತೀರಿ. ಒಂದು ಚೀಲ ಅಡಿಕೆಗೆ ಸಿಗುವ ಆ ಮಾತು 26 ವರ್ಷ ದುಡಿದ ಮನುಷ್ಯನಿಗೆ ಯಾಕೆ ಸಿಗಬಾರದು?

ಕೋರ್ಟುಗಳಿಗೂ ಇದು ಹೊಳೆಯದೆ ಇಲ್ಲ. ಸಮಿತಿ ಕೂತ ದಿನ ಕಾರಣ ಕೇಳುವ ಬದಲು, ಅದಕ್ಕೂ ಮೊದಲು, ವರ್ಷವರ್ಷದ ವರದಿಯ ಹಂತದಲ್ಲೇ ಕೇಳುವ ದಾರಿ ಮಾಡಿಕೊಟ್ಟವು. ದೇವದತ್ ಎಂಬ ಗಡಿ ರಸ್ತೆ ಸೇವೆಯ ಎಂಜಿನಿಯರ್ ಇದ್ದರು. ಬಡ್ತಿಗೆ ಐದು ವರ್ಷ 'ವೆರಿ ಗುಡ್' ಬೇಕಿತ್ತು. ಒಂದು ವರ್ಷ ಬರೀ 'ಗುಡ್' ಬಿದ್ದಿತ್ತು. ಅದು ಬೈಗುಳವೇನೂ ಅಲ್ಲವಲ್ಲ ಎಂದು ಅವರಿಗೆ ತಿಳಿಸಿರಲೇ ಇಲ್ಲ. ಒಳ್ಳೆಯ ಮಾತೇ ಬಡ್ತಿ ತಪ್ಪಿಸಿತು! 2008ರಲ್ಲಿ ಸುಪ್ರೀಂ ಕೋರ್ಟ್, ಯಾವ ದರ್ಜೆ ಕೊಟ್ಟಿದ್ದರೂ ನೌಕರರಿಗೆ ತಿಳಿಸಬೇಕು, ಅವರ ಆಕ್ಷೇಪಣೆ ಕೇಳಬೇಕು ಎಂದಿತು. 2013ರಲ್ಲಿ ಸುಖದೇವ್ ಸಿಂಗ್ ಕೇಸಿನಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಇದನ್ನೇ ಗಟ್ಟಿ ಮಾಡಿತು. ನಿಮ್ಮ ಕಾರ್ಯನಿರ್ವಹಣಾ ವರದಿಗಳನ್ನು ಕಡೆಯ ಸಲ ನೋಡಿದ್ದು ಯಾವಾಗ? ಪತ್ರದಲ್ಲಿ ಆ ಸುದ್ದಿಯೇ ಇಲ್ಲ.

ಇನ್ನು 'ಎಲ್ಲಿದೆ' ಎಂದವರಿಗೆ ತೋರಿಸಲು ಒಂದು ಜಾಗ ಇದೆ. 2005ರ ಮಾಹಿತಿ ಹಕ್ಕು ಕಾಯ್ದೆ, ಸೆಕ್ಷನ್ 4(1)(ಡಿ). ಆಡಳಿತದ ತೀರ್ಮಾನಗಳಿಗೆ ಕಾರಣ ಏನೆಂದು ಅದರಿಂದ ಬಾಧಿತರಾದವರಿಗೆ ಕಚೇರಿ ತಿಳಿಸಬೇಕು ಎಂದು ಅಲ್ಲಿದೆ. ಕೇಳಿದ ಮೇಲೆ ಅಲ್ಲ, ತಾನಾಗಿಯೇ. ಎಷ್ಟು ಕಚೇರಿಗಳ ಗೋಡೆಯ ಮೇಲೆ ಈ ಕಾಯ್ದೆಯ ಬೋರ್ಡು ನೇತಾಡುತ್ತಿದೆ, ನೀವೇ ನೋಡಿದ್ದೀರಿ.

ಈ ವಿಷಯ ನನಗೆ ಇಷ್ಟು ತಾಗುವುದಕ್ಕೆ ನಮ್ಮ ಮನೆಯ ಕತೆಯೂ ಕಾರಣ. ನಮ್ಮ ಅಪ್ಪಯ್ಯ ತೀರ್ಥಹಳ್ಳಿ ಕಡೆ ಒಂದು ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಒಂದು ವರ್ಷ ಅವರನ್ನು ಬಿಟ್ಟು ಅವರ ಕೆಳಗಿನವರಿಗೆ ಬಡ್ತಿ ಬಂತು. ಯಾಕೆ ಎಂದು ಯಾರೂ ಹೇಳಲಿಲ್ಲ. ಅಪ್ಪಯ್ಯ ಕೇಳಲೂ ಇಲ್ಲ, ಅಭಿಮಾನ. ಕಾರಣವನ್ನು ಊರೇ ಹುಟ್ಟಿಸಿತು. ಬಡ್ತಿ ಸಿಕ್ಕವರು ಯಾರದೋ ಮನೆಗೆ ತುಪ್ಪದ ಡಬ್ಬಿ, ಜೇನು ಬಾಟಲಿ ಹೊತ್ತರು ಎಂದು ಕ್ಯಾಂಟೀನಿನಲ್ಲಿ ಒಬ್ಬರು ಅಂದರು. ಜಾತಿ ನೋಡಿ ಕೊಟ್ಟರು ಎಂದು ಇನ್ನೊಬ್ಬರು. ಅಪ್ಪಯ್ಯ ಎಲ್ಲವನ್ನೂ ನಂಬಿದರು. ಹನ್ನೊಂದು ವರ್ಷ ಆ ಸಹೋದ್ಯೋಗಿಯ ಜೊತೆ ಮಾತು ಬಿಟ್ಟರು. ಎರಡು ಮನೆಯ ಹೆಂಗಸರು ಮಾತ್ರ ಹಿತ್ತಲ ಬೇಲಿಯಲ್ಲಿ ಕೆಸುವಿನ ಸೊಪ್ಪು, ಕಳಲೆ ಕೊಟ್ಟು ತಗೊಂಡು ಮಾಡುತ್ತಿದ್ದರು.

ನಿವೃತ್ತಿಯ ಹೊತ್ತಿಗೆ ಪಿಂಚಣಿ ಕಾಗದಕ್ಕೆಂದು ಸೇವಾ ಪುಸ್ತಕ ತೆಗೆದಾಗ ನಿಜ ಗೊತ್ತಾಯಿತು. ಅಪ್ಪಯ್ಯ ಅಕೌಂಟ್ಸ್ ಹೈಯರ್ ಪರೀಕ್ಷೆ ಪಾಸು ಮಾಡಿದ್ದು ಅದರಲ್ಲಿ ನಮೂದೇ ಆಗಿರಲಿಲ್ಲ. ಸಮಿತಿಯ ಮುಂದೆ ಅವರು ಇಲಾಖಾ ಪರೀಕ್ಷೆ ಪಾಸಾಗದವರು. ಅಷ್ಟೇ. ತುಪ್ಪವೂ ಇಲ್ಲ, ಜಾತಿಯೂ ಇಲ್ಲ. ಆದೇಶದ ಜೊತೆ ಆ ಒಂದು ಸಾಲು ಬಂದಿದ್ದರೆ, ಅಪ್ಪಯ್ಯ ಮಾರನೇ ದಿನವೇ ಪೆಟ್ಟಿಗೆಯಿಂದ ಸರ್ಟಿಫಿಕೇಟ್ ತೆಗೆದು ಕೊಡುತ್ತಿದ್ದರು.

ಅದಕ್ಕೇ ನಿಮಗೆ ಹೇಳುವುದು, ಮೊದಲು ಆ ಆದೇಶವನ್ನು ಇನ್ನೊಮ್ಮೆ ಓದಿ. ಅದು ಬಡ್ತಿಯೋ, ಕರ್ನಾಟಕ ಸರ್ಕಾರಿ ಸೇವಾ ನಿಯಮಗಳ (ಕೆಸಿಎಸ್‌ಆರ್) 32ನೇ ನಿಯಮದಡಿ ಆ ಹುದ್ದೆಯ ಕೆಲಸ ನೋಡಿಕೊಳ್ಳಲು ಕೊಟ್ಟ ಪ್ರಭಾರವೋ? ಪ್ರಭಾರ ಬಡ್ತಿಯಲ್ಲ. ರೋಸ್ಟರ್ ಬಿಂದುವಿನ ಮೇಲೆ, ಅಂದರೆ ಮೀಸಲಾತಿಯ ಸರದಿ ಪಟ್ಟಿಯ ಪ್ರಕಾರ ಕೊಟ್ಟಿದ್ದರೆ ಅದು ಬೇರೆಯೇ ಲೆಕ್ಕ. ಆಗ ಕಾರಣ ರೋಸ್ಟರಿನಲ್ಲೇ ಇರುತ್ತದೆ, ಆ ಸಹೋದ್ಯೋಗಿಯ ಮೇಲೆ ಸಿಟ್ಟಾಗಿ ಫಲವಿಲ್ಲ. ಆಮೇಲೆ ನಿಮ್ಮ ಸೇವಾ ಪುಸ್ತಕ, ಕಳೆದ ಐದು ವರ್ಷದ ವರದಿ, ಸಮಿತಿಯ ನಡಾವಳಿಯಲ್ಲಿ ನಿಮ್ಮ ಹೆಸರಿನ ಮುಂದೆ ಬರೆದಿರುವುದು, ಇವುಗಳ ಪ್ರತಿ ಕೇಳಿ. ಬೇರೆಯವರ ವರದಿ ಕೇಳಲು ಹೋಗಬೇಡಿ, ಖಾಸಗಿ ಎಂದು ತಳ್ಳಿಹಾಕುತ್ತಾರೆ. ನಿಮ್ಮ ಮೇಲೆ ವಿಚಾರಣೆ ಇದೆ, ಅದು ಮುಗಿಯುವವರೆಗೆ ಇರಲಿ ಎಂದು ನಿಮ್ಮ ಬಗೆಗಿನ ತೀರ್ಮಾನವನ್ನು ಮುಚ್ಚಿದ ಲಕೋಟೆಗೆ ಹಾಕಿದ್ದರೆ, ಆರೋಪ ಪಟ್ಟಿ ಹೊರಡಿಸಿದ ತಾರೀಖು ನೋಡಿ. ಅದನ್ನು ಹೊರಡಿಸುವ ಮೊದಲೇ ಲಕೋಟೆ ಮುಚ್ಚುವಂತಿಲ್ಲ ಎಂದು 1991ರ ಜಾನಕಿರಾಮನ್ ತೀರ್ಪು ಹೇಳುತ್ತದೆ.

ಮನವಿಯನ್ನು ಬರವಣಿಗೆಯಲ್ಲೇ ಕೊಡಿ, ಸ್ವೀಕೃತಿ ಹಾಕಿಸಿಕೊಳ್ಳಿ. ಬಾಯಿಮಾತಿಗೆ ಬಾಯಿಮಾತಿನ ಉತ್ತರವೇ ಸಿಗುವುದು, ನಿಮಗೆ ಸಿಕ್ಕಿತಲ್ಲ. ಮನವಿಗೆ ಆರು ತಿಂಗಳಾದರೂ ಉತ್ತರ ಬಾರದಿದ್ದರೆ, ಅಲ್ಲಿಂದ ಒಂದು ವರ್ಷದೊಳಗೆ ಕೆಎಟಿಗೆ, ಅಂದರೆ ಸರ್ಕಾರಿ ನೌಕರರ ಸೇವಾ ವ್ಯಾಜ್ಯ ಕೇಳುವ ಕರ್ನಾಟಕ ಆಡಳಿತ ನ್ಯಾಯಮಂಡಳಿಗೆ ಹೋಗಬಹುದು. ಉತ್ತರ ಬಂದರೆ ಆ ದಿನದಿಂದ ವರ್ಷ ಎಣಿಸಿ. ನಮ್ಮವರು ಸಂಕೋಚದಲ್ಲೇ ಈ ಒಂದು ವರ್ಷದ ಗಡುವು ಕಳೆದುಬಿಡುತ್ತಾರೆ.

ಗೃಹಪ್ರವೇಶಕ್ಕೆ ಹೋಗಿ. ನಿಮ್ಮ ಜಗಳ ಒಂದು ಕಡತದ ಜೊತೆ. ಅದನ್ನು ಬರೆದವರು ಆ ಸಹೋದ್ಯೋಗಿ ಅಲ್ಲ. ಅಪ್ಪಯ್ಯ ಸೇವಾ ಪುಸ್ತಕ ನೋಡಿ ಬಂದ ದಿನ ಸಂಜೆ ಕೊಡೆ ಹಿಡಿದು ಬೇಲಿ ಸುತ್ತಿ ಆಚೆ ಮನೆಗೆ ಹೋದರು. ಏನು ಮಾತಾಡಿದರೋ ಇಬ್ಬರೂ ಯಾರಿಗೂ ಹೇಳಲಿಲ್ಲ. ರಾತ್ರಿ ಊಟ ಮಾತ್ರ ಅಲ್ಲೇ ಆಯಿತು.