ಇಂಗ್ಲಿಷ್ ಒಂದಿದ್ದರೆ ನೈರೋಬಿಯಲ್ಲಿ ಸಾಕೇ?

ಮುಂದಿನ ತಿಂಗಳು ಹೆಂಡತಿ, ಐದು ವರ್ಷದ ಮಗಳೊಂದಿಗೆ ನೈರೋಬಿಗೆ ಬರುತ್ತಿದ್ದೀರಿ. ಅಕ್ಕಿ ಬೇಳೆ ಸಿಗುತ್ತದೆಯೇ, ಊರು ಸುರಕ್ಷಿತವೇ, ಶಾಲೆ ಯಾವುದು, ಇಂಗ್ಲಿಷ್ ಒಂದಿದ್ದರೆ ಸಾಕೇ ಎಂದು ಕೇಳಿದ್ದೀರಿ. 2003ರಲ್ಲಿ ಎರಡು ಪೆಟ್ಟಿಗೆ, ಒಂದು ಡಬ್ಬಿ ಚಟ್ನಿಪುಡಿಯೊಂದಿಗೆ ಇಲ್ಲಿಗೆ ಬಂದಿಳಿದಾಗ ನನ್ನ ತಲೆಯಲ್ಲೂ ಇವೇ ಪ್ರಶ್ನೆಗಳಿದ್ದವು.

ದಿನಸಿಯ ಚಿಂತೆ ಬಿಡಿ, ಪಾರ್ಕ್‌ಲ್ಯಾಂಡ್ಸ್ ಕಡೆ ಎಲ್ಲವೂ ಸಿಗುತ್ತದೆ. ರಾಗಿಯನ್ನಂತೂ ಹೊತ್ತು ತರಬೇಡಿ. ಇಲ್ಲಿ ಅದು ವಿಂಬಿ, ಬೆಳಗ್ಗೆ ಅದರ ಗಂಜಿ ಕುಡಿಯುತ್ತಾರೆ. ರಾಗಿಯ ತವರೇ ಪೂರ್ವ ಆಫ್ರಿಕದ ಎತ್ತರದ ನೆಲ. ಹುಟ್ಟಿದಾಗಿನಿಂದ ಮುದ್ದೆ ನುಂಗಿದ ನನಗೆ ಅದು ತಿಳಿದದ್ದು ಇಲ್ಲಿಗೆ ಬಂದ ಮೇಲೆ. ಕತ್ತಲಾದ ಮೇಲೆ ನಡೆದು ತಿರುಗಬೇಡಿ. ಶಾಲೆ ನಿಮ್ಮ ಕಿಸೆಗೆ ಬಿಟ್ಟದ್ದು.

ಇನ್ನು ಭಾಷೆ. ಮಗಳಿಗೆ ನಾಲ್ಕು ತುಂಬಿದಾಗ ಅವಳನ್ನು ನೋಡಿಕೊಳ್ಳಲು ನ್ಯೇರಿ ಎಂಬ ಊರಿನ ಕಡೆಯ, ಗಿಕುಯು ಸಮುದಾಯದ ಒಬ್ಬ ಹೆಂಗಸು ಬರುತ್ತಿದ್ದರು. ಇಲ್ಲಿ ಅಂಥವರನ್ನು ಗೌರವದಿಂದ 'ಮಾಮಾ' ಎನ್ನುತ್ತಾರೆ (ಊರಿನಿಂದ ಬಂದಿದ್ದ ನನ್ನ ಅಮ್ಮ ಇದನ್ನು ಕೇಳಿ ನಕ್ಕದ್ದೇ ನಕ್ಕದ್ದು). ಮಧ್ಯಾಹ್ನ ಅವರು 'ಪೌಕ್ವಾ!' ಎನ್ನುವರು, ಮಗಳು 'ಪಕಾವಾ!' ಎಂದು ಕೂಗುವಳು, ಇಲ್ಲಿ ಹೆಚ್ಚಿನವರು ಆಡುವ ಸ್ವಾಹಿಲಿ ಭಾಷೆಯ ಕಥೆ ಶುರುವಾಗುವುದು. ಒಂದು ದಿನ ನಾನು ಬಾಗಿಲಲ್ಲೇ ನಿಂತು, ಮಗುವಿನ ಹತ್ತಿರ ಇಂಗ್ಲಿಷ್‌ನಲ್ಲಿ ಮಾತ್ರ ಮಾತನಾಡಿ ಎಂದೆ. ದುಬಾರಿ ಶಾಲೆಯ ಪ್ರವೇಶ ಸಂದರ್ಶನ ಹತ್ತಿರವಿತ್ತು. ಮಾಮಾಗೆ ಬರುತ್ತಿದ್ದ ಇಂಗ್ಲಿಷ್ 'ತಿನ್ನು', 'ಮಲಗು'ವಿನಷ್ಟು. ಕಥೆ ನಿಂತಿತು.

ವರ್ಷಗಳ ಮೇಲೆ, ಬಟಾಣಿ ಸುಲಿಯುತ್ತ ಅವರು ತಮ್ಮ ಶಾಲೆಯ ಸುದ್ದಿ ಹೇಳಿದರು. ಅಲ್ಲಿ ಮನೆಮಾತು ಗಿಕುಯು ಆಡಿದ ಮಗುವಿನ ಕೊರಳಿಗೆ ಒಂದು ಮರದ ಬಿಲ್ಲೆ. ಇನ್ನೊಬ್ಬರು ಆಡುವುದನ್ನು ಹಿಡಿದುಕೊಟ್ಟರೆ ಬಿಲ್ಲೆ ಅವರ ಕೊರಳಿಗೆ. ಸಂಜೆ ಯಾರ ಬಳಿ ಉಳಿಯಿತೋ ಅವರಿಗೆ ಬೆತ್ತ. ಗೆಳತಿಯನ್ನು ಮಾತಿಗೆಳೆದು ಸಿಕ್ಕಿಸುತ್ತಿದ್ದೆವು ಎಂದು ನಕ್ಕರು. ನನಗೆ ನಗು ಬರಲಿಲ್ಲ. ಹಾಸನದ ಕಾನ್ವೆಂಟಿನಲ್ಲಿ ಒಂದು ಕನ್ನಡ ಮಾತಿಗೆ ಹತ್ತು ಪೈಸೆ ದಂಡ ಕಟ್ಟಿದವನು ನಾನು. ಬಿಲ್ಲೆ ನನ್ನ ಕೊರಳಲ್ಲೂ ಇತ್ತು. ಅದನ್ನು ತೆಗೆದು ಸಂಬಳ ಕೊಡುವ ಗತ್ತಿನಲ್ಲಿ ಅವರ ಕೊರಳಿಗೆ ಹಾಕಿದ್ದೆ.

ಕೆನ್ಯಾದ ಲೇಖಕ ಗೂಗಿ ವಾ ಥಿಯಾಂಗೊ ಅವರನ್ನು ಓದತೊಡಗಿದ್ದು ಆಮೇಲೆ. 1968ರಲ್ಲಿ ಅವರೂ ಇಬ್ಬರು ಸಹೋದ್ಯೋಗಿಗಳೂ ನೈರೋಬಿ ಯೂನಿವರ್ಸಿಟಿ ಕಾಲೇಜಿನಲ್ಲಿ ಇಂಗ್ಲಿಷ್ ವಿಭಾಗವನ್ನೇ ತೆಗೆಯಿರಿ, ಆಫ್ರಿಕವನ್ನು ನಡುವೆ ಇಟ್ಟು ಉಳಿದದ್ದನ್ನು ಸುತ್ತ ಇಡಿ ಎಂದರು. ಇಂಗ್ಲಿಷ್‌ನಲ್ಲಿ ಕಾದಂಬರಿ ಬರೆಯುತ್ತಿದ್ದಷ್ಟು ಕಾಲ ಅವರಿಗೆ ಜೈಲಾಗಲಿಲ್ಲ. ಹಳ್ಳಿಯವರೊಂದಿಗೆ ಗಿಕುಯುವಿನಲ್ಲಿ ನಾಟಕ ಕಟ್ಟಿದ ವರ್ಷವೇ, 1977ರ ಕೊನೆಗೆ, ಬಂಧಿಸಿ ವಿಚಾರಣೆಯಿಲ್ಲದೆ ಸುಮಾರು ಒಂದು ವರ್ಷ ಕಾಮಿಟಿ ಎಂಬ ಜೈಲಿನಲ್ಲಿಟ್ಟರು. ಇಟ್ಟದ್ದು 1963ರಲ್ಲಿ ಸ್ವತಂತ್ರವಾದ ಕೆನ್ಯಾದ ಸರ್ಕಾರವೇ. 1957ರಲ್ಲಿ ಬ್ರಿಟಿಷರು ತಮ್ಮ ವಿರುದ್ಧ ಎದ್ದ ಮೌ ಮೌ ದಂಗೆಯ ನಾಯಕ ದೇದಾನ್ ಕಿಮಾಥಿಯನ್ನು ಗಲ್ಲಿಗೇರಿಸಿದ್ದು ಅದೇ ಜೈಲಿನಲ್ಲಿ. ಪೇಟೆಯ ಕಿಮಾಥಿ ಬೀದಿಯಲ್ಲಿ 2007ರಿಂದ ಆತನ ಪ್ರತಿಮೆ ಇದೆ. 'ಯಾರಪ್ಪಾ ಇದು?' ಎಂದು ಮಗಳು ಕೇಳಿದಾಗ ನನಗೆ ಗೊತ್ತಿರಲಿಲ್ಲ, ಟ್ಯಾಕ್ಸಿಯವನು ಹೇಳಿದ. ಅವಳಿಗೆ ಆ ವಾರದ ಪಾಠ ಇಂಗ್ಲೆಂಡಿನ ದೊರೆ ಎಂಟನೇ ಹೆನ್ರಿಯ ಹೆಂಡತಿಯರು.

ಆದ್ದರಿಂದ ಕೆಲಸಕ್ಕೆ ಇಂಗ್ಲಿಷ್ ಸಾಕು, ಆದರೆ ಮಗುವನ್ನು ಸ್ವಾಹಿಲಿಯಿಂದ ದೂರ ಇಡಬೇಡಿ. ಮನೆಯಲ್ಲಿ ಕನ್ನಡ ಬಿಡುವುದಿಲ್ಲವೆಂದು ನನಗೆ ಗೊತ್ತು.

ಮಾಮಾ ಊರಿಗೆ ಹೋಗಿ ಆರು ವರ್ಷವಾಯಿತು. ಮಗಳು ಈಗ ಕಾಲೇಜಿನಲ್ಲಿ ದುಡ್ಡು ಕೊಟ್ಟು ಸ್ವಾಹಿಲಿ ಕಲಿಯುತ್ತಿದ್ದಾಳೆ. ಮೊನ್ನೆ ಫೋನಿನಲ್ಲಿ ಮಾಮಾಗೆ 'ಪೌಕ್ವಾ' ಎಂದಳಂತೆ. ಆ ಕಡೆಯಿಂದ ಉತ್ತರ ಬರಲು ಸ್ವಲ್ಪ ಹೊತ್ತು ಹಿಡಿಯಿತಂತೆ.

ಪೆಟ್ಟಿಗೆಯಲ್ಲಿ ಜಾಗ ಉಳಿದರೆ ಬ್ಯಾಡಗಿ ಮೆಣಸಿನಕಾಯಿ ತನ್ನಿ. ಇಲ್ಲಿಯದಕ್ಕೆ ಖಾರವಿದೆ, ಆ ಬಣ್ಣ ಬರುವುದಿಲ್ಲ.