ಮಗಳು ಪುಸ್ತಕವನ್ನು ಮೂಗಿಗೆ ತಾಗಿಸಿಕೊಂಡು ಓದುತ್ತಾಳೆ, ಓದು ಬಿಡಿಸಬೇಕಾ?

ನೀವು ಕೇಳಿರುವುದು ಇಷ್ಟು: ಎರಡನೇ ತರಗತಿಯ ಮಗಳಿಗೆ ಕಥೆಪುಸ್ತಕ ಅಂದರೆ ಪ್ರಾಣ, ಆದರೆ ಪುಸ್ತಕವನ್ನು ಮುಖಕ್ಕೇ ಹಿಡಿದುಕೊಳ್ಳುತ್ತಾಳೆ. ಕಣ್ಣು ಹಾಳಾಗುತ್ತೆ ಅಂತ ಅಜ್ಜಿ ಪುಸ್ತಕ ಕಿತ್ತಿಡುತ್ತಾರೆ. ಓದು ಬಿಡಿಸಬೇಕಾ?

ಖಂಡಿತ ಬೇಡ. ಮೊದಲು ಕಣ್ಣು ತೋರಿಸಿ. ಆಮೇಲೆ ಅವಳು ದಿನಕ್ಕೆ ಎಷ್ಟು ಹೊತ್ತು ಬಯಲಲ್ಲಿ ಇರುತ್ತಾಳೆ ಎಂದು ಲೆಕ್ಕ ಹಾಕಿ. ಎಷ್ಟು ಓದುತ್ತಾಳೆ ಎಂಬುದರ ಮೇಲೆ ಎಲ್ಲರ ಕಣ್ಣಿರುತ್ತದೆ, ಈ ಲೆಕ್ಕ ಮಾತ್ರ ಯಾರೂ ಇಡುವುದಿಲ್ಲ.

ಪರೀಕ್ಷೆ ಮೊದಲು ಯಾಕೆಂದರೆ, ಹತ್ತಿರ ಹಿಡಿಯುವುದು ಎಷ್ಟೋ ಸಲ ದೋಷದ ಕಾರಣವಲ್ಲ, ಲಕ್ಷಣ. ಕನ್ನಡಕದಂಗಡಿಯ ಕಂಪ್ಯೂಟರ್ ಪರೀಕ್ಷೆ ಮಕ್ಕಳಿಗೆ ಸಾಲದು. ಯಂತ್ರದೊಳಗೆ ನೋಡುವಾಗ ಮಗುವಿನ ಕಣ್ಣಿನ ಸ್ನಾಯು ಬಿಗಿಯುತ್ತದೆ, ಇಲ್ಲದ ಮೈನಸ್ ನಂಬರ್ ಬರುತ್ತದೆ. ಕಣ್ಣಿನ ಡಾಕ್ಟರು ಆ ಸ್ನಾಯು ಸಡಿಲಿಸುವ ಹನಿ ಹಾಕಿ ನೋಡಬೇಕು. ನಮ್ಮ ಮಕ್ಕಳ ಕಪ್ಪು ಕಣ್ಣಿಗೆ ಹನಿ ಹಿಡಿಯುವುದು ನಿಧಾನ. ಹತ್ತು ನಿಮಿಷಕ್ಕೊಮ್ಮೆ ಎರಡು ಮೂರು ಸಲ ಹಾಕಿ, ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಕೂರಿಸುತ್ತಾರೆ. ಆಮೇಲೆ ಒಂದೆರಡು ದಿನ ಹತ್ತಿರದ್ದು ಮಂಜಾಗಿ ಕಾಣಬಹುದು, ಬಿಸಿಲು ಚುಚ್ಚುತ್ತದೆ. ಹಾಗಾಗಿ ಶನಿವಾರ ಹೋಗಿ, ಟೋಪಿ ಒಯ್ಯಿರಿ, ಸೋಮವಾರ ಪರೀಕ್ಷೆಯಿದ್ದರೆ ಬೇಡ. ಬೆಂಗಳೂರಿನಲ್ಲಿ ಸರ್ಕಾರಿ ಮಿಂಟೋ ಆಸ್ಪತ್ರೆ ಇದೆ, ಜಿಲ್ಲಾ ಆಸ್ಪತ್ರೆಗಳಲ್ಲೂ ನೇತ್ರ ವಿಭಾಗ ಇರುತ್ತದೆ. ಒಂದೊಂದೇ ಕಣ್ಣು ಮುಚ್ಚಿ ನೋಡಿಸುವುದನ್ನು ಮರೆಯಬೇಡಿ. ಒಂದು ಕಣ್ಣು ಮಂದವಾಗಿದ್ದರೂ ಇನ್ನೊಂದರಿಂದ ಮಗು ಸಲೀಸಾಗಿ ಓದುತ್ತದೆ. ಈ ‘ಸೋಮಾರಿ ಕಣ್ಣಿ’ನ ಚಿಕಿತ್ಸೆ ಏಳೆಂಟು ವರ್ಷದೊಳಗೆ ಶುರುವಾದರೆ ಫಲ ಚೆನ್ನಾಗಿರುತ್ತದೆ. ನಿಮ್ಮ ಮಗಳ ವಯಸ್ಸಿಗೆ ತಡ ಮಾಡುವ ಸಮಯವಲ್ಲ.

ಮನೆಯಲ್ಲೇ ಮಾಡಬಹುದಾದ ಒಂದು ಸಣ್ಣ ಪರೀಕ್ಷೆ ಹೇಳುತ್ತೇನೆ. ಕನ್ನಡದಲ್ಲಿ ದ-ಧ, ಪ-ಫ, ಬ-ಭ ಇವುಗಳ ವ್ಯತ್ಯಾಸ ಕೆಳಗಿನ ಒಂದು ಚಿಕ್ಕ ಗೀಟು ಮಾತ್ರ. ಧ-ಥ ನಡುವೆ ಇರುವುದು ಒಂದು ಚುಕ್ಕಿ. ಮಗು ಇವನ್ನು ತಪ್ಪಿಸಿ ಓದಿದರೆ ಅದೇ ಪದಗಳನ್ನು ಒಂದು ಅಂಗುಲ ಎತ್ತರಕ್ಕೆ ಬರೆದು ತೋರಿಸಿ. ದೊಡ್ಡದರಲ್ಲಿ ಸರಿ ಓದಿ ಚಿಕ್ಕದರಲ್ಲಿ ತಪ್ಪಿದರೆ ಕಣ್ಣಿನ ಮೇಲೆ ಅನುಮಾನ ಇಡಿ. ಎರಡರಲ್ಲೂ ತಪ್ಪಿದರೆ ಅಕ್ಷರ ಇನ್ನೂ ಕೂತಿಲ್ಲ ಎಂದಷ್ಟೇ ಅರ್ಥ. ಇದು ಡಾಕ್ಟರ ಬದಲಿಗೆ ಅಲ್ಲ.

ಈಗ ಬಯಲಿನ ವಿಷಯ. ಸಮೀಪದೃಷ್ಟಿ, ಅಂದರೆ ದೂರದ್ದು ಮಂಜಾಗಿ ಮೈನಸ್ ನಂಬರ್ ಬರುವುದಕ್ಕೆ ಕಾರಣ ಬಹುಪಾಲು ಕಣ್ಣುಗುಡ್ಡೆ ಹಿಂದಕ್ಕೆ ಅಗತ್ಯಕ್ಕಿಂತ ಉದ್ದ ಬೆಳೆಯುವುದು. ಒಂದು ಮಿಲಿಮೀಟರ್ ಹೆಚ್ಚಾದರೆ ಎರಡೂವರೆ ಮೂರು ನಂಬರ್ ಏರುತ್ತದೆ, ಬೆಳೆದ ಕಣ್ಣು ಮತ್ತೆ ಗಿಡ್ಡವಾಗುವುದಿಲ್ಲ. ಪ್ರಖರ ಹಗಲು ಬೆಳಕಿಗೆ ಅಕ್ಷಿಪಟದಲ್ಲಿ ಡೋಪಮಿನ್ ಎಂಬ ರಾಸಾಯನಿಕ ಹೆಚ್ಚುತ್ತದೆ, ಅದು ಈ ಬೆಳವಣಿಗೆಗೆ ಕಡಿವಾಣ ಹಾಕುತ್ತದೆ ಎಂಬುದು ಈಗ ಹೆಚ್ಚು ಒಪ್ಪಿತವಾದ ವಿವರಣೆ. ಚೀನಾದ ಗ್ವಾಂಗ್‌ಝೌನಲ್ಲಿ ಒಂದನೇ ತರಗತಿಯ ಮಕ್ಕಳಿಗೆ ಶಾಲಾ ದಿನಗಳಲ್ಲಿ 40 ನಿಮಿಷ ಹೆಚ್ಚಿಗೆ ಹೊರಗೆ ಬಿಟ್ಟು ಮೂರು ವರ್ಷ ನೋಡಿದರು. 2015ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಹೊಸದಾಗಿ ಸಮೀಪದೃಷ್ಟಿ ಬಂದವರು ಎಂದಿನಂತೆ ನಡೆದ ಶಾಲೆಗಳ 39.5% ಬದಲು 30.4% ಇದ್ದರು. ತೈವಾನ್ ತನ್ನ ಶಾಲೆಗಳಿಗೆ ದಿನಕ್ಕೆ 120 ನಿಮಿಷದ ಗುರಿ ಇಟ್ಟುಕೊಂಡಿದೆ.

ಟ್ಯೂಬ್‌ಲೈಟ್ ಇರುವ ಕೋಣೆಯಲ್ಲಿ 100ರಿಂದ 300 ಲಕ್ಸ್ ಬೆಳಕಿದ್ದರೆ ಹೆಚ್ಚು. ಹೊರಗೆ ಬಿಸಿಲಲ್ಲಿ ಹತ್ತು ಸಾವಿರ ದಾಟುತ್ತದೆ, ಹೊಂಗೆ ಮರದ ನೆರಳಲ್ಲೂ ಸಾವಿರಗಟ್ಟಲೆ ಸಿಗುತ್ತದೆ. ಹಾಗಾಗಿ ಉರಿಬಿಸಿಲು ಬೇಕಿಲ್ಲ, ಸೂರ್ಯನನ್ನು ನೇರ ನೋಡಲೇಬಾರದು. ಆದರೆ ಇಳಿಜಾರು ಹಂಚಿನ ಸೂರಿನ ಒಳಗಿನ ಜಗಲಿ ಕೋಣೆಯ ಲೆಕ್ಕಕ್ಕೇ ಹತ್ತಿರ. ಫೋನಿನಲ್ಲಿ ಲಕ್ಸ್ ಅಳೆಯುವ ಆ್ಯಪ್ ಹಾಕಿ ಎರಡೂ ಕಡೆ ಒಮ್ಮೆ ಹಿಡಿದು ನೋಡಿ, ಅಂದಾಜು ಸಿಗುತ್ತದೆ. ಎರಡು ಗಂಟೆ ಒಟ್ಟಿಗೇ ಆಗಬೇಕಿಲ್ಲ: ಶಾಲೆಗೆ ನಡೆದು ಹೋಗಿ ಬರಲು 30 ನಿಮಿಷ, ಬಿಡುವು ಮತ್ತು ಊಟದ ವೇಳೆ ಮೈದಾನದಲ್ಲಿ 30, ಸಂಜೆ ಒಂದು ಗಂಟೆ. ಇದನ್ನು ಕೆಡಿಸುವುದು ಸಾಮಾನ್ಯವಾಗಿ ಐದು ಗಂಟೆಯ ಟ್ಯೂಷನ್. ಅದನ್ನು ಕತ್ತಲಾದ ಮೇಲಕ್ಕೆ ಜರುಗಿಸಿ. ಲಾಭ ಬೆಳಕಿನದು, ಓಟದ್ದಲ್ಲ. ಆದ್ದರಿಂದ ಮರದಡಿ ಚಾಪೆ ಹಾಸಿ ಕಥೆ ಓದಿದರೂ ಆ ಹೊತ್ತು ವ್ಯರ್ಥವಲ್ಲ. ಪುಟದ ಮೇಲೆ ನೇರ ಬಿಸಿಲು ಮಾತ್ರ ಬೀಳದಿರಲಿ.

ದೂರಕ್ಕೆ ಅಳತೆಗೋಲು ಮಗುವಿನ ಕೈಯೇ. ಮುಷ್ಟಿಯನ್ನು ಗಲ್ಲಕ್ಕೆ ಊರಿದರೆ ಮೊಣಕೈ ಪುಸ್ತಕಕ್ಕೆ ತಾಗಬೇಕು. ಊಟದ ಮೇಜು ದೊಡ್ಡವರ ಎತ್ತರಕ್ಕೆ ಮಾಡಿದ್ದು, ಅಲ್ಲಿ ಕೂತ ಮಗುವಿನ ಮುಖ ಪುಟದ ಮೇಲೇ ಇರುತ್ತದೆ. ಕುರ್ಚಿಗೆ ದಿಂಬು, ಕಾಲಿಗೆ ಮಣೆ ಕೊಡಿ. ಅಜ್ಜಿಯ ಪಾರಾಯಣದ ವ್ಯಾಸಪೀಠ ಇದ್ದರೆ ಅದಕ್ಕಿಂತ ಒಳ್ಳೆಯ ಸಾಧನವಿಲ್ಲ. ಪುಸ್ತಕ ಓರೆಯಾಗಿ ನಿಲ್ಲುತ್ತದೆ, ಕತ್ತು ಬಗ್ಗುವುದಿಲ್ಲ. ಅಜ್ಜಿಯೇ ಅದನ್ನು ಮೊಮ್ಮಗಳಿಗೆ ಕೊಟ್ಟರೆ ಮನೆಯ ಜಗಳವೂ ಅರ್ಧ ಮುಗಿಯುತ್ತದೆ. ಮಗ್ಗುಲಾಗಿ ಮಲಗಿ ಓದುವುದು ಬೇಡ, ಒಂದು ಕಣ್ಣಿಗೆ ಪುಟ ತೀರಾ ಹತ್ತಿರವಾಗುತ್ತದೆ. ಮಂದ ಬೆಳಕು ತಾನಾಗಿ ಕಣ್ಣನ್ನು ಕೆಡಿಸುತ್ತದೆ ಎನ್ನಲಾಗದು, ಆದರೆ ಮಗುವನ್ನು ಪುಟದ ಹತ್ತಿರಕ್ಕೆ ಎಳೆಯುತ್ತದೆ. ಕೋಣೆಯ ದೀಪದ ಜೊತೆ 9 ವಾಟ್‌ನ ಎಲ್‌ಇಡಿ ಬಲ್ಬಿನ ಮೇಜುದೀಪ ಸಾಕು. ಬಲಗೈಯಲ್ಲಿ ಬರೆಯುವವರಿಗೆ ಎಡಗಡೆಯಿಂದ ಬೆಳಕು ಬರಲಿ.

ಅರ್ಧ ಗಂಟೆಗೊಮ್ಮೆ ಎಬ್ಬಿಸಿ. ಗಡಿಯಾರದ ಗಂಟೆ ಹೊಡೆಸಿ ಕಥೆಯ ಮಧ್ಯೆ ತಡೆದರೆ ಮಗು ಸಿಟ್ಟಾಗುತ್ತದೆ, ಅಧ್ಯಾಯದ ಕೊನೆಗೆ ನಿಲ್ಲಿಸಿ. ಅಂಗಳಕ್ಕೆ ಹೋಗಿ ಗಿಡಕ್ಕೆ ನೀರು ಹಾಕಿ ಬಾ ಎಂದರೆ ದೂರದ ನೋಟ ತಾನಾಗಿ ಸಿಗುತ್ತದೆ. ರಾತ್ರಿಯ ಓದನ್ನು ನೀವು ತೆಗೆದುಕೊಳ್ಳಿ: ಇಪ್ಪತ್ತು ನಿಮಿಷ ನೀವು ಗಟ್ಟಿಯಾಗಿ ಓದಿ, ಅವಳು ಕಣ್ಣು ಮುಚ್ಚಿ ಕೇಳಲಿ. ಪುಸ್ತಕ ಆರಿಸುವಾಗ ಒತ್ತಕ್ಷರಗಳು ಕೆಳಗಿನ ಸಾಲಿಗೆ ಅಂಟದಷ್ಟು ಸಾಲಂತರ ಇದೆಯೇ ನೋಡಿ, ಕಾಸು ಉಳಿಸಲು ಅಕ್ಷರ ಒತ್ತೊತ್ತಾಗಿ ಮುದ್ರಿಸಿದ್ದನ್ನು ಬಿಡಿ. ಕಥೆಗಾಗಿ ಫೋನ್ ಕೊಡಬೇಡಿ, ಅದನ್ನು ಮಕ್ಕಳು ಪುಸ್ತಕಕ್ಕಿಂತಲೂ ಹತ್ತಿರ ಹಿಡಿಯುತ್ತಾರೆ. ನೀಲಿ ಬೆಳಕು ತಡೆಯುವ ಕನ್ನಡಕಕ್ಕೆ ದುಡ್ಡು ಹಾಕಬೇಡಿ, ಅದರಿಂದ ನಂಬರ್ ನಿಲ್ಲುವುದಿಲ್ಲ. ಕ್ಯಾರೆಟ್, ನುಗ್ಗೆಸೊಪ್ಪು, ಪಪ್ಪಾಯಿ ತಿನ್ನಲಿ, ಎ ಜೀವಸತ್ವ ಸಿಗುತ್ತದೆ, ಆದರೆ ಅವು ನಂಬರ್ ಇಳಿಸುವುದಿಲ್ಲ.

ನಂಬರ್ ಬಂದೇ ಬಿಟ್ಟರೆ ಪೂರ್ತಿ ನಂಬರಿನ ಕನ್ನಡಕವನ್ನೇ ಹಾಕಿಸಿ. ಕಡಿಮೆ ಬರೆಸಿದರೆ ಕಣ್ಣು ಸುಧಾರಿಸುತ್ತದೆ ಎಂಬ ನಂಬಿಕೆ ತಪ್ಪು, ಮಲೇಷ್ಯಾದಲ್ಲಿ ಹಾಗೆ ಮಾಡಿ ನೋಡಿದಾಗ ನಂಬರ್ ಇನ್ನೂ ಬೇಗ ಏರಿತ್ತು. ಆರು ತಿಂಗಳಿಗೊಮ್ಮೆ ತೋರಿಸಿ. ವರ್ಷಕ್ಕೆ ಅರ್ಧ ನಂಬರಿಗಿಂತ ಹೆಚ್ಚು ಏರುತ್ತಿದ್ದರೆ ಕಡಿಮೆ ಪ್ರಮಾಣದ ಅಟ್ರೋಪಿನ್ ಹನಿ ಅಥವಾ ಏರಿಕೆ ತಡೆಯುವ ವಿಶೇಷ ಲೆನ್ಸ್ ಬೇಕೇ ಎಂದು ಡಾಕ್ಟರನ್ನು ನೀವಾಗಿಯೇ ಕೇಳಿ. ಹನಿಯನ್ನು ನೀವಾಗಿ ಶುರು ಮಾಡುವುದೂ ಬೇಡ, ಏಕಾಏಕಿ ನಿಲ್ಲಿಸುವುದೂ ಬೇಡ, ಥಟ್ಟನೆ ಬಿಟ್ಟರೆ ನಂಬರ್ ಮತ್ತೆ ಜಿಗಿಯಬಹುದು.