ಪಟ್ಟಿ ಕೇಳಲು ಬಂದ ದಿನವೇ ಮಾತಾಡಬೇಕಿತ್ತು

ಗಣಪತಿ ಮೆರವಣಿಗೆಯ ಡಿಜೆಗೆ ಹಾಸಿಗೆ ಹಿಡಿದ ತಂದೆ ಬೆಚ್ಚಿಬೀಳುತ್ತಾರೆ, ದೂರು ಕೊಟ್ಟರೆ ಸಂಪ್ರದಾಯಕ್ಕೆ ಅಡ್ಡ ನಿಂತಂತೆ, ಏನು ಮಾಡಲಿ ಎಂದು ಕೇಳಿದ್ದೀರಿ. ತಂದೆ ಅನ್ನೋ ಕಡೆ ಅವ್ವ ಅಂತ ಓದಿಕೊಂಡರೆ ಇದು ನಮ್ಮ ಮನೆಯ ಕಥೆ.

ನಮ್ಮದು ದಾವಣಗೆರೆ, ನಿಟುವಳ್ಳಿ ಕಡೆ. ಓಣಿಗೆ ಒಂದು ಟ್ರ್ಯಾಕ್ಟರ್ ಬಂದರೆ ಬೈಕುಗಳನ್ನೆಲ್ಲ ಕಟ್ಟೆ ಮೇಲೆ ಹತ್ತಿಸಬೇಕು, ಅಷ್ಟು ಇಕ್ಕಟ್ಟು. ಆ ವರ್ಷ ಅವ್ವನಿಗೆ ಬೈಪಾಸ್ ಆಗಿ ಐದು ವಾರವಾಗಿತ್ತು. ವಿಸರ್ಜನೆಯ ರಾತ್ರಿ ಆಳೆತ್ತರದ ಸ್ಪೀಕರ್ ಬಾಕ್ಸುಗಳು ನಮ್ಮ ಬಾಗಿಲ ಮುಂದೆಯೇ ನಿಂತವು. ಕಿಟಕಿ ಮುಚ್ಚಿದೆ, ಸಂದಿಗೆಲ್ಲ ಬಟ್ಟೆ ತುರುಕಿದೆ. ಹಾಡಿನ ಮಾತು ಕೇಳದಂತಾಯಿತು, ಬೇಸ್ ಮಾತ್ರ ಹಾಗೇ ಬಂತು. ಅದು ಗೋಡೆಗೆ ನಿಲ್ಲುವ ಸದ್ದಲ್ಲ. ಗೂಡಿನಲ್ಲಿದ್ದ ಸ್ಟೀಲ್ ಲೋಟಗಳು ನಡುಗುತ್ತಿದ್ದವು. ಅವ್ವ ಹೊಲಿಗೆ ಹಾಕಿದ ಎದೆಗೆ ದಿಂಬು ಒತ್ತಿಕೊಂಡು ಕೂತಿದ್ದಳು. 10 ಗಂಟೆ 40 ನಿಮಿಷಕ್ಕೆ ಪೊಲೀಸರಿಗೆ ಫೋನ್ ಮಾಡಿದೆ.

ಕಾನೂನು ನನ್ನ ಕಡೆಗಿತ್ತು, ನಿಮ್ಮ ಕಡೆಗೂ ಇದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಹಬ್ಬ ಹರಿದಿನಕ್ಕೆ ಅಂತ ಸರ್ಕಾರ 12ರವರೆಗೆ ಬಿಡಬಹುದು, ಅದೂ ವರ್ಷಕ್ಕೆ 15 ದಿನ ಮೀರಬಾರದು. ಮನೆಗಳಿರುವ ಕಡೆ ಹಗಲಿಗೆ 55 ಡೆಸಿಬಲ್, ರಾತ್ರಿಗೆ 45. ಎದುರುಬದುರು ಕೂತು ಇಬ್ಬರು ಮಾತಾಡುವ ಸದ್ದೇ 60ರ ಆಸುಪಾಸು ಇರುತ್ತದೆ, ಇನ್ನು ಆ ಬಾಕ್ಸುಗಳ ಮಾತೇನು. ಪೊಲೀಸರು ಬಂದರು, ಸದ್ದು ನಿಂತಿತು. ಡಿಜೆ ಜೊತೆಗೆ ಹಿಂದೆ ಬರುತ್ತಿದ್ದ ಡೊಳ್ಳಿನವರೂ ಕೈ ಕಟ್ಟಿ ನಿಂತರು. ಗಣಪನನ್ನು ಸದ್ದಿಲ್ಲದೆ ಟ್ರ್ಯಾಕ್ಟರ್‌ನಲ್ಲಿ ಒಯ್ದರು. ಯಾರು ಫೋನ್ ಮಾಡಿದ್ದು ಅಂತ ಓಣಿಗೆ ಬೆಳಗಾಗುವಷ್ಟರಲ್ಲಿ ಗೊತ್ತಾಗಿತ್ತು.

ಫೋನ್ ಮಾಡಿದ್ದು ತಪ್ಪು ಅಂತ ನಾನು ಇವತ್ತಿಗೂ ಹೇಳುವುದಿಲ್ಲ. ನನ್ನ ತಪ್ಪು ಅದಕ್ಕೂ 20 ದಿನ ಮೊದಲೇ ಆಗಿ ಹೋಗಿತ್ತು. ಇದನ್ನು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನೀವೂ ಇಲ್ಲೇ ಎಡವುತ್ತೀರಿ. ಒಂದು ಭಾನುವಾರ ಗಣಪತಿ ಕೂರಿಸುವ ಹುಡುಗರು ರಸೀದಿ ಪುಸ್ತಕ ಹಿಡಿದು ಪಟ್ಟಿ, ಅಂದರೆ ಹಬ್ಬದ ಚಂದಾ, ಕೇಳಲು ಬಂದರು. ಅವ್ವ ಒಳಗೆ ಮಲಗಿದ್ದಳು. ಬೇಗ ಹೋದರೆ ಸಾಕು ಅಂತ 500 ರೂಪಾಯಿ ಕೊಟ್ಟೆ, ರಸೀದಿ ತಗೊಂಡೆ, ಬಾಗಿಲು ಹಾಕಿದೆ. ಮನೆಯಲ್ಲಿ ಬೈಪಾಸ್ ಆದವರಿದ್ದಾರೆ ಅಂತ ಒಂದು ಮಾತೂ ಆಡಲಿಲ್ಲ. ಅವತ್ತಿಗೆ ಡಿಜೆಗೆ ಅಡ್ವಾನ್ಸ್ ಕೊಟ್ಟಿರಲಿಲ್ಲ, ಯಾವ ಓಣಿಯಿಂದ ಯಾವ ಓಣಿಗೆ ಅನ್ನೋದೂ ತೀರ್ಮಾನವಾಗಿರಲಿಲ್ಲ. ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು, ಆ ಅರ್ಜಿಯನ್ನೂ ಅವರು ಬರೆದಿರಲಿಲ್ಲ. ಎಲ್ಲವೂ ಇನ್ನೂ ಬಾಯಿಮಾತಿನಲ್ಲಿತ್ತು, ಬಾಯಿಮಾತಿನಲ್ಲೇ ಬದಲಾಗುತ್ತಿತ್ತು. ಅಡ್ವಾನ್ಸ್ ಹೋದ ಮೇಲೆ ಆ ಹುಡುಗರು ದುಡ್ಡು ಕಳೆದುಕೊಂಡು ನನ್ನ ಮಾತು ಕೇಳಬೇಕಿತ್ತು. ವಿಸರ್ಜನೆಯ ರಾತ್ರಿಯಂತೂ ಮಾನವನ್ನೂ ಕಳೆದುಕೊಳ್ಳಬೇಕಿತ್ತು. ಕೇಳುವ ದಿನ ಸುಮ್ಮನಿದ್ದು, ಯಾರೂ ಹಿಂದೆ ಸರಿಯಲಾಗದ ರಾತ್ರಿ ನಾನು ಪೊಲೀಸರನ್ನು ಕರೆಸಿದ್ದೆ.

ಅದಕ್ಕೆ ಬೆಲೆ ಕೊಟ್ಟವಳು ಅವ್ವ. ಮರುವರ್ಷ ಮೆರವಣಿಗೆ ನಮ್ಮ ಓಣಿ ಬಿಟ್ಟು ಹಿಂದಿನ ಬೀದಿಯಲ್ಲಿ ಹೋಯಿತು. ನನಗೆ ನೆಮ್ಮದಿಯೇ ಆಯಿತು. ಅವ್ವ ಮಾತ್ರ ಸಂಜೆಯೇ ಹೊಸ್ತಿಲು ತೊಳೆದು, ಕಾಯಿ ಕರ್ಪೂರ ಜೋಡಿಸಿ, ಆರತಿ ತಟ್ಟೆ ಹಿಡಿದು ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಳು. ಮದುವೆಯಾಗಿ ಬಂದಾಗಿನಿಂದ ಒಂದು ವರ್ಷವೂ ತಪ್ಪಿಸಿದವಳಲ್ಲ. ಒಂಬತ್ತೂವರೆಗೆ 'ಗಣಪ ನಮ್ಮನಿ ಬಾಗಿಲಿಗೆ ಯಾಕ ಬರ್ಲಿಲ್ಲ?' ಅಂತ ಕೇಳಿದಳು. ನನಗೆ ಉತ್ತರ ಹೊರಡಲಿಲ್ಲ.

ಹಾಗಾಗಿ ಸಂಪ್ರದಾಯವೋ ನೆಮ್ಮದಿಯೋ ಅನ್ನೋ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಡಿಜೆಯನ್ನು ಸಂಪ್ರದಾಯದ ಲೆಕ್ಕಕ್ಕೆ ಸೇರಿಸಿದ್ದು ಯಾರು? ತಿಲಕರು ಪುಣೆಯಲ್ಲಿ ಗಣೇಶೋತ್ಸವವನ್ನು ಬೀದಿಗೆ ತಂದದ್ದು 1893ರಲ್ಲಿ, ಆಗ ಈ ಬಾಕ್ಸುಗಳೇ ಇರಲಿಲ್ಲ. ನಮ್ಮ ಕಡೆಯ ಮೆರವಣಿಗೆ ಅಂದರೆ ಡೊಳ್ಳು, ಸಮಾಳ, ನಂದಿಕೋಲು. ಡೊಳ್ಳಿನ ಸದ್ದೂ ಜೋರೇ, ಆದರೆ ಬಾರಿಸುವವನು ದಣಿಯುತ್ತಾನೆ, ಮುಂದೆ ನಡೆಯುತ್ತಾನೆ, 'ಒಳಗೆ ಕಾಯಿಲೆಯವರಿದ್ದಾರಪ್ಪ' ಅಂದರೆ ಕೈ ಹಗುರ ಮಾಡುತ್ತಾನೆ. ಇನ್ನು ನಮ್ಮೂರ ದುಗ್ಗಮ್ಮನ ಜಾತ್ರೆ ನೋಡಿ. ಎರಡು ವರ್ಷಕ್ಕೊಮ್ಮೆ ಊರಿಗೆ ಊರೇ ಸೇರುತ್ತದೆ, ಆದರೆ ಮೊದಲು ಹಂದರಗಂಬ ಪೂಜೆ ಆಗಬೇಕು, ಸಾರು ಹಾಕಬೇಕು, ಅಂದರೆ ಡಂಗುರ ಸಾರಬೇಕು, ಊರಿಗೆಲ್ಲ ಗೊತ್ತಾಗಬೇಕು. ಮುಂಚೆಯೇ ಊರಿಗೆ ತಿಳಿಸಿ ಆಚರಿಸುವುದು ನಮ್ಮ ಹಿರಿಯರ ಪದ್ಧತಿ. ಅದನ್ನು ಆ ಹುಡುಗರೂ ಬಿಟ್ಟಿದ್ದರು, ನಾನೂ ಬಿಟ್ಟಿದ್ದೆ.

ಮೂರನೇ ವರ್ಷ ಶ್ರಾವಣದಲ್ಲೇ, ಪಟ್ಟಿ ಪುಸ್ತಕ ಅಚ್ಚಾಗುವ ಮೊದಲು, ಆ ಹುಡುಗರ ಮುಖಂಡನ ಮನೆಗೆ ಹೋದೆ. ಅವನು ಅರ್ಧ ಗಂಟೆ ಮುಖ ಕೊಟ್ಟು ಮಾತಾಡಲಿಲ್ಲ, ಅವನ ತಾಯಿ ಚಹಾ ಕೊಟ್ಟರು. ಮೆರವಣಿಗೆ ನಮ್ಮ ಓಣಿಗೆ ಬರಲೇಬೇಕು ಅಂತ ನಾನೇ ಕೇಳಿದೆ. ಸಂಜೆ 4ಕ್ಕೆ ಹೊರಡಲಿ, ಓಣಿಯೊಳಗೆ ಡೊಳ್ಳು ಮಾತ್ರ ಇರಲಿ, ಡೊಳ್ಳಿನ ಮೇಳದ ಅರ್ಧ ಖರ್ಚು ನನ್ನದು ಅಂದೆ. ಒಪ್ಪಿದರು. ಮೆರವಣಿಗೆಯ ದಿನ ಓಣಿಯ ತಿರುವಿನಲ್ಲಿ ಒಬ್ಬ ಬಾಕ್ಸ್ ಹಚ್ಚಿಯೇ ಬಿಟ್ಟ, ಮುಖಂಡನೇ ಓಡಿ ಹೋಗಿ ವೈರ್ ಕಿತ್ತ. ಅವ್ವ ಆರತಿ ಮಾಡಿದಳು.

ನಿಮ್ಮ ಹಬ್ಬಕ್ಕೆ ಇನ್ನೂ ಎರಡು ತಿಂಗಳಿದೆ ಅಂದಿದ್ದೀರಿ. ಈ ವಾರವೇ ಆ ಹುಡುಗರ ಹತ್ತಿರ ಹೋಗಿ, ಒಬ್ಬರೇ ಹೋಗಿ, ಓಣಿಯವರ ಸಹಿ ಹಾಕಿಸಿದ ಮನವಿ ಹಿಡಿದು ಹೋಗಬೇಡಿ. ಹತ್ತು ಸಹಿ ನೋಡಿದ ಕೂಡಲೇ ಹುಡುಗರಿಗೆ ಅದು ಜಗಳವಾಗಿ ಕಾಣುತ್ತದೆ. ಎಲ್ಲ ಮಾತಾಡಿದ ಮೇಲೂ ರಾತ್ರಿ ಹತ್ತರ ನಂತರ ಬಾಕ್ಸ್ ಬಾಗಿಲಿಗೆ ಬಂದರೆ ಅಳುಕದೆ 112ಕ್ಕೆ ಫೋನ್ ಮಾಡಿ. ಹೊರಡುವ ಮೊದಲು ಮಾತ್ರ ತಂದೆಯವರ ಹತ್ತಿರ ಕೂತು, ಗಣಪ ಬಾಗಿಲಿಗೆ ಬರಬೇಕೋ ಬೇಡವೋ ಕೇಳಿ. ನಾನು ಅವ್ವನನ್ನು ಕೇಳಿರಲಿಲ್ಲ.